ಬಳೆಯನ್ನು ನುಂಗಿದ ಬಲೆ: ಫೈಲ್ ಹೆಸರುಗಳ ಒಂದು ಪ್ರಕರಣ ಅಧ್ಯಯನ

ಇದು ಒಂದು ಸಣ್ಣ ಧ್ವನಿ ಸಂಗ್ರಹದಲ್ಲಿ ನಡೆದದ್ದು. ಸಂಸ್ಥೆ ಯಾವುದು, ಜನ ಯಾರು ಎಂಬುದನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ಫೈಲ್ ಹೆಸರುಗಳನ್ನೂ ಬದಲಿಸಿದ್ದೇನೆ. ಯಾವುದನ್ನು ಯಾಕೆ ನಿರ್ಧರಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಮಾತ್ರ ನಡೆದ ಹಾಗೇ ಬರೆದಿದ್ದೇನೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ಬೇಕಾಗುವುದು ಅದೇ.

ಹಿನ್ನೆಲೆ

ಸಂಗ್ರಹದಲ್ಲಿ ಇದ್ದದ್ದು 18,240 ಫೈಲುಗಳು: ಹಾಡು, ಸಂದರ್ಶನ, ಗೋಷ್ಠಿಗಳ ಧ್ವನಿಮುದ್ರಣ. ಬಹಳ ವರ್ಷಗಳ ಕಾಲ ಬಹಳ ಕೈಗಳು ಸೇರಿಸಿದ್ದು. ಒಬ್ಬೊಬ್ಬರ ಹೆಸರಿಡುವ ರೀತಿ ಒಂದೊಂದು. ಕನ್ನಡ ಟೈಪಿಂಗ್ ಸುಲಭವಾಗುವ ಮುಂಚೆ ಬಂದವರು ರೋಮನ್ ಲಿಪಿಯಲ್ಲಿ ಬರೆದಿದ್ದರು. ಅದರಲ್ಲಿ ‘ಲ’ಗೆ ಚಿಕ್ಕ ಎಲ್, ‘ಳ’ಗೆ ದೊಡ್ಡ ಎಲ್. ಆಮೇಲಿನವರು ನೇರವಾಗಿ ಕನ್ನಡದಲ್ಲೇ, ಉದ್ದುದ್ದ ಶೀರ್ಷಿಕೆ ಸಮೇತ ಬರೆದರು. ಕೆಲವರು ಗಂಟೆ-ನಿಮಿಷ ಹಾಕಿದರು. ಯಂತ್ರಕ್ಕೆ ನೇರ ತಂತಿ ಜೋಡಿಸಿ ಮುದ್ರಿಸಿದ್ದನ್ನೆಲ್ಲ ಒಬ್ಬರು ‘ಆಕ್ಸ್’ ಎಂಬ ಫೋಲ್ಡರಿನಲ್ಲಿಟ್ಟಿದ್ದರು, ಆ ತಂತಿಯ ತೂತಿನ ಮೇಲೆ ಬರೆದಿರುವ ಮೂರೇ ರೋಮನ್ ಅಕ್ಷರಗಳಲ್ಲಿ.

ಇವೆಲ್ಲ ಇದ್ದದ್ದು ಒಂದು ಲಿನಕ್ಸ್ ಸರ್ವರಿನಲ್ಲಿ. ಫೈಲ್ ಹೆಸರಿನ ವಿಷಯದಲ್ಲಿ ಲಿನಕ್ಸ್ ಬೇಡ ಅನ್ನುವುದು ಎರಡನ್ನೇ: ದಾರಿ ಬೇರ್ಪಡಿಸುವ ಓರೆಗೆರೆ, ಮತ್ತು ಬೆಲೆ ಸೊನ್ನೆಯಾದ ಬೈಟ್. ಉಳಿದದ್ದೆಲ್ಲ ಅದಕ್ಕೆ ಒಪ್ಪಿಗೆ. ಹಾಗಾಗಿ ಇಷ್ಟು ವರ್ಷ ಯಾರಿಗೂ ಯಾವ ತೊಂದರೆಯೂ ಕಂಡಿರಲಿಲ್ಲ.

ಸರ್ವರ್ ಹಳೆಯದಾಗಿತ್ತು. ಎಲ್ಲವನ್ನೂ ಎರಡು ಹೊರ ಡಿಸ್ಕುಗಳಿಗೆ ನಕಲಿಸಿ, ಒಂದನ್ನು ವಿಂಡೋಸ್ ಬಳಸುವ ಸದಸ್ಯರಿಗೆ, ಇನ್ನೊಂದನ್ನು ಮ್ಯಾಕ್ ಬಳಸುವವರಿಗೆ ಕೊಡುವುದು, ಆಮೇಲೆ ಸರ್ವರಿನ ಡಿಸ್ಕ್ ಅಳಿಸಿ ಬೇರೆ ಕೆಲಸಕ್ಕೆ ಬಿಡುವುದು ಎಂದು ತೀರ್ಮಾನವಾಗಿತ್ತು. ಮೂರೂ ಕಡೆ ಓದಿಸಿಕೊಳ್ಳಲಿ ಎಂದು ಡಿಸ್ಕುಗಳನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಸಿದ್ಧಪಡಿಸಿದ್ದೆವು. ನಕಲಿಸುವ ಜವಾಬ್ದಾರಿ ನನ್ನದು.

ಎಣಿಸಿದವರು ಒಬ್ಬರೇ

ಮೊದಲ ಡಿಸ್ಕಿಗೆ ನಕಲು ಮುಗಿದಾಗ 412 ಫೈಲುಗಳಿಗೆ ದೋಷ ಸಂದೇಶ ಬಂದಿತ್ತು. ಕಾರಣ ತಕ್ಷಣ ತಿಳಿಯಿತು. ಹೆಸರಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ಉದ್ಧರಣ ಚಿಹ್ನೆ ಇದ್ದವು. ಎಕ್ಸ್‌ಫ್ಯಾಟ್ ಇವನ್ನು ಒಪ್ಪುವುದಿಲ್ಲ, ವಿಂಡೋಸೂ ಒಪ್ಪುವುದಿಲ್ಲ. ನಕ್ಷತ್ರ, ಉದ್ದಗೆರೆ, ಎರಡು ಕೋನಚಿಹ್ನೆಗಳು, ಎರಡೂ ದಿಕ್ಕಿನ ಓರೆಗೆರೆ ಕೂಡ ಅದೇ ಪಟ್ಟಿಗೆ ಸೇರಿದವು. 0ರಿಂದ 31ರವರೆಗಿನ ನಿಯಂತ್ರಣ ಸಂಕೇತಗಳೂ ಅಷ್ಟೇ. ‘412 ಹೆಸರು ತಿದ್ದಿ ಮತ್ತೆ ನಕಲಿಸಿದರೆ ಮುಗಿಯಿತು’ ಎಂದು ನಾನು ವರದಿ ಕೊಟ್ಟೆ.

ಸೂಚಿಪಟ್ಟಿ ನೋಡಿಕೊಳ್ಳುತ್ತಿದ್ದ ಹಿರಿಯರು ಅದನ್ನು ಒಪ್ಪಲಿಲ್ಲ. ಕಂಪ್ಯೂಟರಿನ ಒಳಗುಟ್ಟು ಅವರಿಗೆ ಗೊತ್ತಿರಲಿಲ್ಲ, ಆದರೆ ಲೆಕ್ಕ ಗೊತ್ತಿತ್ತು. ‘18,240ರಲ್ಲಿ 412 ಕಳೆದರೆ 17,828. ಡಿಸ್ಕಿನಲ್ಲಿ ಇರೋದು 17,791. ಉಳಿದ 37 ಎಲ್ಲಿ ಹೋದವು, ಹೇಳಿ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ 37ಕ್ಕೆ ಯಾವ ದೋಷ ಸಂದೇಶವೂ ಬಂದಿರಲಿಲ್ಲ. ಸರ್ವರ್ ಅಳಿಸುವುದಕ್ಕೆ ಎರಡೇ ದಿನ ಬಾಕಿಯಿತ್ತು. ‘ಉತ್ತರ ಸಿಗುವ ತನಕ ಅದನ್ನು ಮುಟ್ಟಬೇಡಿ’ ಎಂದು ಅವರು ತಡೆದರು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಮುಂದೆ ನಾವು ಮಾಡಿದ ತಪ್ಪುಗಳನ್ನೆಲ್ಲ ತಿದ್ದಿಕೊಳ್ಳಲು ಸಾಧ್ಯವಾದದ್ದು ಮೂಲ ಉಳಿದಿತ್ತು ಎಂಬ ಒಂದೇ ಕಾರಣಕ್ಕೆ.

ಆ 37 ಸಿಕ್ಕಿದ್ದು ರೋಮನ್ ಹೆಸರುಗಳಲ್ಲಿ. ಒಂದು ಹಾಡು ‘ಬಲೆ’, ಇನ್ನೊಂದು ‘ಬಳೆ’. ರೋಮನ್ನಿನಲ್ಲಿ ಎರಡಕ್ಕೂ ಬಿ, ಎ, ಎಲ್, ಇ ಎಂಬ ನಾಲ್ಕೇ ಅಕ್ಷರ. ಒಂದರಲ್ಲಿ ಎಲ್ ಚಿಕ್ಕದು, ಇನ್ನೊಂದರಲ್ಲಿ ದೊಡ್ಡದು. ಲಿನಕ್ಸಿನ ಸಾಮಾನ್ಯ ಡಿಸ್ಕ್ ವ್ಯವಸ್ಥೆಗೆ ಅವು ಎರಡು ಬೇರೆ ಹೆಸರುಗಳು. ಎಕ್ಸ್‌ಫ್ಯಾಟಿಗೆ ಒಂದೇ ಹೆಸರು. ಮೊದಲು ಒಂದು ಬಂತು, ಅದರ ಮೇಲೆ ಇನ್ನೊಂದು ಬಂದು ಕೂತಿತು. ನಕಲಿಸುವ ಸಲಕರಣೆಯ ಕಣ್ಣಿನಲ್ಲಿ ಎರಡೂ ಯಶಸ್ವಿ. ‘ಹಾಲು’ ಮತ್ತು ‘ಹಾಳು’ ಕೂಡ ಹೀಗೇ ಒಂದಾಗಿದ್ದವು. ಹೀಗೆ 37 ಜೋಡಿ.

ಇದು ಅನುಭವವಿಲ್ಲದವರ ಎಡವಟ್ಟು ಎಂದು ಯಾರಾದರೂ ಅಂದುಕೊಂಡರೆ ಒಂದು ಮಾತು ಹೇಳಬೇಕು. ಲಿನಕ್ಸಿನ ತಿರುಳಾದ ಕರ್ನೆಲಿನ ಮೂಲ ಕೋಡಿನಲ್ಲೇ, ಜಾಲದ ಸಂಚಾರ ಸೋಸುವ ನೆಟ್‌ಫಿಲ್ಟರ್ ಭಾಗದಲ್ಲಿ, ದೊಡ್ಡಕ್ಷರ-ಚಿಕ್ಕಕ್ಷರದ ವ್ಯತ್ಯಾಸ ಮಾತ್ರ ಇರುವ ಫೈಲ್ ಜೋಡಿಗಳಿವೆ. ಅದನ್ನು ಮ್ಯಾಕ್ ಅಥವಾ ವಿಂಡೋಸಿನ ಸಾಮಾನ್ಯ ಡಿಸ್ಕಿಗೆ ಇಳಿಸಿಕೊಂಡವರಿಗೆ ಇದೇ ಪೆಟ್ಟು ಬಿದ್ದಿದೆ.

ತೆರೆಯದ ಫೋಲ್ಡರ್

ಅಷ್ಟರಲ್ಲಿ ವಿಂಡೋಸ್ ಬಳಸುವ ಸದಸ್ಯರಿಂದ ಫೋನ್ ಬಂತು: ಡಿಸ್ಕಿನಲ್ಲಿ ‘ಆಕ್ಸ್’ ಫೋಲ್ಡರ್ ಕಾಣುತ್ತದೆ, ತೆರೆಯುವುದಿಲ್ಲ, ಹೆಸರು ಬದಲಿಸಲೂ ಬಿಡುವುದಿಲ್ಲ. ಎಕ್ಸ್‌ಫ್ಯಾಟ್ ಡಿಸ್ಕಿಗೆ ಆ ಹೆಸರಿನ ಬಗ್ಗೆ ತಕರಾರಿಲ್ಲ, ಲಿನಕ್ಸಿನಿಂದ ಸಲೀಸಾಗಿ ಬರೆದುಕೊಂಡಿತು. ತಕರಾರು ಇರುವುದು ವಿಂಡೋಸಿಗೆ. ವಿಂಡೋಸಿಗೂ ಮುಂಚಿನ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ನ 1981ರ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ. ಕೀಬೋರ್ಡು-ಪರದೆಗೆ ‘ಕಾನ್’, ಮುದ್ರಕಕ್ಕೆ ‘ಪಿಆರ್‌ಎನ್’, ಹೆಚ್ಚುವರಿ ಸಾಧನಕ್ಕೆ ‘ಆಕ್ಸ್’, ಏನೂ ಇಲ್ಲದ್ದಕ್ಕೆ ‘ನಲ್’ ಎಂದು ಸಾಧನಗಳಿಗೇ ಫೈಲಿನಂಥ ಹೆಸರಿತ್ತು. 1983ರಲ್ಲಿ ಎರಡನೆಯ ಆವೃತ್ತಿ ಫೋಲ್ಡರುಗಳನ್ನು ತಂದಾಗ ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಈ ಹೆಸರುಗಳನ್ನು ಎಲ್ಲ ಫೋಲ್ಡರಿನಲ್ಲೂ ಕಾಯ್ದಿರಿಸಿದರು. ‘ಕಾಮ್ 1’ರಿಂದ ‘ಕಾಮ್ 9’, ‘ಎಲ್‌ಪಿಟಿ 1’ರಿಂದ ‘ಎಲ್‌ಪಿಟಿ 9’ ಕೂಡ ಅದೇ ಗುಂಪು. ಹಿಂದೆ ಚುಕ್ಕಿ ಹಾಕಿ ವಿಸ್ತರಣೆ ಸೇರಿಸಿದರೂ ಪಾರಾಗಬಹುದೆಂದು ನಂಬುವಂತಿಲ್ಲ. ಲಿನಕ್ಸ್ ಕರ್ನೆಲಿನ ಒಂದು ಗ್ರಾಫಿಕ್ಸ್ ಚಾಲಕದಲ್ಲಿ ‘ಆಕ್ಸ್’ ಹೆಸರಿನದೇ ಒಂದು ಸಿ ಫೈಲಿದೆ. ಅಲ್ಲಿ ಅದು ಸಿಂಧು, ವಿಂಡೋಸಿನಲ್ಲಿ ಹಾಗೆಂದು ನಂಬುವಂತಿಲ್ಲ.

ಹಾಗಾದರೆ ಹೆಸರು ಸಿಂಧುವೇ ಎಂದು ಕೇಳುವ ಪ್ರಶ್ನೆಯೇ ಅರ್ಧ. ಯಾವ ಡಿಸ್ಕಿನಲ್ಲಿ, ಯಾವ ಕಾರ್ಯಾಚರಣ ವ್ಯವಸ್ಥೆಯ ಕೈಯಲ್ಲಿ, ಅಕ್ಕಪಕ್ಕ ಯಾವ ಹೆಸರುಗಳಿರುವಾಗ ಎಂಬುದೂ ಸೇರಿದರೆ ಮಾತ್ರ ಅದು ಪೂರ್ತಿ ಪ್ರಶ್ನೆ. ನಮಗೆ ಇದು ಅರ್ಥವಾಗಲು ಇನ್ನೂ ಎರಡು ತಪ್ಪು ಬೇಕಾದವು.

ಒತ್ತು ಕಳೆದುಕೊಂಡ ಹೆಸರುಗಳು

ಮೊದಲ ತಪ್ಪು ನನ್ನದೇ. ಅಪಾಯದ ಅಕ್ಷರಗಳನ್ನು ಹುಡುಕುವ ಬದಲು, ‘ಅಕ್ಷರ, ಅಂಕಿ, ಅಡಿಗೆರೆ, ಅಡ್ಡಗೆರೆ, ಚುಕ್ಕಿ ಬಿಟ್ಟು ಉಳಿದದ್ದೆಲ್ಲ ತೆಗೆ’ ಎಂಬ ನಾಲ್ಕು ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದೆ. ಇಂಥ ಸ್ಕ್ರಿಪ್ಟುಗಳು ಎಲ್ಲೆಡೆ ಸಿಗುತ್ತವೆ. ರೋಮನ್ ಲಿಪಿಗೆ ಸರಿಯಾಗಿ ಕೆಲಸ ಮಾಡುತ್ತವೆ. ಪೈಥಾನಿನ ಸಹಜ ರೆಗೆಕ್ಸ್‌ನಲ್ಲಿ (ಪಠ್ಯದಲ್ಲಿ ಹುಡುಕಲು ಬರೆಯುವ ಸೂತ್ರ) ‘ಪದದ ಅಕ್ಷರ’ ಎಂಬ ಗುರುತು ಕನ್ನಡದ ಮೂಲಾಕ್ಷರಗಳನ್ನು ಒಪ್ಪುತ್ತದೆ, ಆದರೆ ಕಾಗುಣಿತದ ಚಿಹ್ನೆ, ಅನುಸ್ವಾರ, ಒತ್ತು ಮೂಡಿಸುವ ಹಲಂತದ ಚಿಹ್ನೆಗಳನ್ನು ಒಪ್ಪುವುದಿಲ್ಲ. ಎಲ್ಲ ಲಿಪಿಗಳ ಅಕ್ಷರ-ಚಿಹ್ನೆಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ಅವು ಅಕ್ಷರಗಳ ವರ್ಗದಲ್ಲಿಲ್ಲ, ಜೋಡಣೆಯ ಗುರುತುಗಳ ವರ್ಗದಲ್ಲಿವೆ.

ಫಲ? ‘ಸಂದರ್ಶನ’ ಹೋಗಿ ‘ಸದರಶನ’ವಾಯಿತು. ‘ಕನ್ನಡ’ ಹೋಗಿ ‘ಕನನಡ’. ‘ಕಲೆ’ ಮತ್ತು ‘ಕಾಲು’ ಎರಡೂ ‘ಕಲ’. ‘ಹಾಡು’, ‘ಹಾಡಿ’ ಎರಡೂ ‘ಹಡ’. ಎರಡು ಹೆಸರು ಒಂದಾಗಿಬಿಡುವ ಒಂದು ಡಿಕ್ಕಿ ತಪ್ಪಿಸಲು ಹೊರಟವನು ನೂರು ಡಿಕ್ಕಿ ಸೃಷ್ಟಿಸಿದ್ದೆ. ಪುಣ್ಯಕ್ಕೆ ಇದನ್ನು ನಕಲಿನ ನಕಲಿನ ಮೇಲೆ ಓಡಿಸಿದ್ದೆ. ಸೂಚಿಪಟ್ಟಿಯ ಹಿರಿಯರು ಪರದೆ ನೋಡಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆ ಮೌನ ನನಗೆ ಈಗಲೂ ನೆನಪಿದೆ.

ಆಗ ತಂಡದಲ್ಲಿ ಒಂದು ವಾದ ಎದ್ದಿತು. ಕಿರಿಯ ಸದಸ್ಯನೊಬ್ಬ, ‘ಮೇಡಂ, ಎಲ್ಲದಕ್ಕೂ ಬರೀ ಸಂಖ್ಯೆ ಕೊಡೋಣ. ಆರಂಕಿಯ ಹೆಸರು ಎಲ್ಲಾ ಕಡೆ ನಡೆಯುತ್ತೆ’ ಎಂದ. ತಾಂತ್ರಿಕವಾಗಿ ಅವನದು ಸರಿ. ಹಿರಿಯರು ಹೇಳಿದ್ದು: ‘ಸೂಚಿಪಟ್ಟಿ ಕಳೆದುಹೋದ ದಿನ ಆರಂಕಿ ನೋಡಿ ಏನು ತಿಳೀತದೆ? ಇವತ್ತು ಹೆಸರೇ ಸೂಚಿ.’ ನಾನು ಹಿರಿಯರ ಪಕ್ಷ ವಹಿಸಿದೆ, ಈಗಲೂ ಅದೇ ಸರಿ ಎನ್ನುತ್ತೇನೆ. ಕನ್ನಡದ ಹೆಸರು ಕನ್ನಡದಲ್ಲೇ ಇರಬೇಕು; ಇಂದಿನ ಯಾವ ಕಾರ್ಯಾಚರಣ ವ್ಯವಸ್ಥೆಯೂ ಕನ್ನಡ ಅಕ್ಷರಗಳನ್ನು ನಿಷೇಧಿಸಿಲ್ಲ. ಮುಂದೆ ಸಂಖ್ಯೆಯೂ ಇರಲಿ, ಹಿಂದೆ ಹೆಸರೂ ಇರಲಿ ಎಂದು ತೀರ್ಮಾನಿಸಿದೆವು.

‘ಬರೆದು ನೋಡಿದರಾಯಿತು’

ಎರಡನೆಯ ತಪ್ಪು ನೋಡಲು ಬುದ್ಧಿವಂತಿಕೆಯಂತೇ ಇತ್ತು. ನಿಯಮಗಳ ಪಟ್ಟಿ ಯಾಕೆ? ವಿಂಡೋಸ್ ಯಂತ್ರದಲ್ಲಿ ಪ್ರತಿ ಹೆಸರಿನಲ್ಲೂ ಒಂದು ಖಾಲಿ ಫೈಲ್ ಸೃಷ್ಟಿಸಿ ನೋಡೋಣ, ದೋಷ ಬಂದರೆ ಅಸಿಂಧು, ಬರದಿದ್ದರೆ ಸಿಂಧು.

‘ಸಂದರ್ಶನ 10:30’ ಎಂಬ ಹೆಸರಿಗೆ ದೋಷ ಬರಲಿಲ್ಲ. ವಿಂಡೋಸಿನ ಸಾಮಾನ್ಯ ಮಾದರಿಯಾದ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಕೋಲನ್ ಎಂದರೆ ಪರ್ಯಾಯ ಹರಿವಿನ ಗುರುತು, ಅಂದರೆ ಅದೇ ಫೈಲಿನೊಳಗೆ ಬೇರೆಯಾಗಿ ಇಡುವ ಇನ್ನೊಂದು ಮಾಹಿತಿಯದು. ‘ಸಂದರ್ಶನ 10’ ಎಂಬ ಫೈಲ್ ಹುಟ್ಟಿತು, ‘30’ ಅದರೊಳಗೆ ಅಡಗಿಕೊಂಡ ಒಂದು ಹರಿವಾಯಿತು. ಪರಿಶೀಲನೆ ಪಾಸಾಯಿತು, ಬೇಕಾದ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಚುಕ್ಕಿ ಅಥವಾ ಖಾಲಿ ಜಾಗ ಇದ್ದ ಹೆಸರುಗಳೂ ಪಾಸಾದವು. ವಿಂಡೋಸ್ ಆ ಬಾಲವನ್ನು ಸದ್ದಿಲ್ಲದೆ ಕತ್ತರಿಸಿತ್ತು. ಸೃಷ್ಟಿಸಿ ನೋಡುವ ವಿಧಾನ ಬಳಸಲೇಬೇಕಾದರೆ, ಆಮೇಲೆ ಫೋಲ್ಡರಿನ ಪಟ್ಟಿ ತೆಗೆದು ಕೊಟ್ಟ ಹೆಸರೇ ಹಾಗೇ ಇದೆಯೇ ಎಂದು ಹೋಲಿಸಬೇಕು. ನಾವು ಆ ದಾರಿಯನ್ನೇ ಬಿಟ್ಟೆವು. ಒಂದು ಯಂತ್ರದಲ್ಲಿ ಪಾಸಾದದ್ದು ಇನ್ನೊಂದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇದೇ ಹೊತ್ತಿಗೆ ಕೋಲನ್ನಿನ ಇನ್ನೊಂದು ಗುಟ್ಟು ಬಿಚ್ಚಿಕೊಂಡಿತು. ಹಲವು ಹೆಸರುಗಳಲ್ಲಿ ದಿನಾಂಕದ ನಡುವೆ ಕೋಲನ್ ಇತ್ತು. ಅವನ್ನು ಸೇರಿಸಿದ ಸದಸ್ಯರು ‘ನಾನು ಓರೆಗೆರೆ ಹಾಕಿದ್ದು, ಕೋಲನ್ ಅಲ್ಲ’ ಎಂದು ಪಟ್ಟು ಹಿಡಿದರು. ಅವರ ಮಾತು ನಿಜ. ಮ್ಯಾಕಿನಲ್ಲಿ ಫೈಲುಗಳನ್ನು ತೋರಿಸುವ ಫೈಂಡರಿನಲ್ಲಿ ಹೆಸರಿಗೆ ಓರೆಗೆರೆ ಹಾಕಬಹುದು. ಒಳಗಿನ ಯುನಿಕ್ಸ್ ಪದರದಲ್ಲಿ ಅದು ಕೋಲನ್ ಆಗಿರುತ್ತದೆ. ಆ ಫೈಲ್ ಲಿನಕ್ಸಿಗೆ ಬಂದಾಗ ಕೋಲನ್ ಆಗಿಯೇ ಕಾಣುತ್ತದೆ. ಯಾರೂ ತಪ್ಪು ಮಾಡಿರಲಿಲ್ಲ.

ಕಟ್ಟುನಿಟ್ಟು ಯಾರದು?

ಅಲ್ಲಿಯವರೆಗೆ ನಮ್ಮೆಲ್ಲರ ತಲೆಯಲ್ಲಿ ಒಂದು ನಂಬಿಕೆ ಕೂತಿತ್ತು: ವಿಂಡೋಸ್ ಕಟ್ಟುನಿಟ್ಟು, ಲಿನಕ್ಸ್ ಉದಾರಿ, ವಿಂಡೋಸಿನಲ್ಲಿ ನಡೆದರೆ ಎಲ್ಲೆಡೆ ನಡೆಯುತ್ತದೆ. ಅದನ್ನು ಮುರಿದದ್ದು ನಮ್ಮ ಲಿಪಿ.

ವಿಂಡೋಸ್ ಸದಸ್ಯರು ಕಳಿಸಿದ ಕೆಲವು ಹೊಸ ಫೈಲುಗಳನ್ನು ಸರ್ವರ್ ತೆಗೆದುಕೊಳ್ಳಲಿಲ್ಲ. ಹೆಸರು ತೀರಾ ಉದ್ದ ಎಂದಿತು. ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಯುಟಿಎಫ್-16 ಘಟಕಗಳನ್ನು (ಯೂನಿಕೋಡನ್ನು ಬರೆದಿಡುವ ಒಂದು ರೀತಿ; ಘಟಕಕ್ಕೆ 2 ಬೈಟು) ಕೊಡುತ್ತದೆ. ಕನ್ನಡದ ಒಂದು ಸಂಕೇತ ಒಂದು ಘಟಕ. ಲಿನಕ್ಸ್ ಕೊಡುವುದು 255 ಬೈಟು. ಬರೆದಿಡುವ ಇನ್ನೊಂದು ರೀತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟು. ‘ಸಂದರ್ಶನ’ ಎಂಬ ಒಂದು ಪದ ವಿಂಡೋಸಿನಲ್ಲಿ 7 ಘಟಕ, ಲಿನಕ್ಸಿನಲ್ಲಿ 21 ಬೈಟು. ಲೆಕ್ಕ ಹಾಕಿದರೆ ಲಿನಕ್ಸಿನಲ್ಲಿ ಕನ್ನಡಕ್ಕೆ ಸಿಗುವುದು 85 ಸಂಕೇತ. ಸ್ವರಚಿಹ್ನೆ, ಒತ್ತುಗಳನ್ನು ಬಿಡಿಬಿಡಿಯಾಗಿ ಎಣಿಸುವುದರಿಂದ ಕಣ್ಣಿಗೆ ಕಾಣುವ ಅಕ್ಷರಗಳು ಅದಕ್ಕಿಂತಲೂ ಎಷ್ಟೋ ಕಡಿಮೆ. ಫೋಲ್ಡರುಗಳ ಹೆಸರೂ ಸೇರಿದ ಪೂರ್ತಿ ದಾರಿಯ ಉದ್ದದಲ್ಲಿ ಮಾತ್ರ ವಿಂಡೋಸೇ ಬಿಗಿ: ಹಳೆಯ ಮಿತಿ 260, ಲಿನಕ್ಸಿನದು 4096 ಬೈಟು. ವಿಂಡೋಸ್ 10ರ 1607ನೇ ಆವೃತ್ತಿಯಿಂದ 260ರ ಮಿತಿಯನ್ನು ಸಡಿಲಿಸಬಹುದು, ಆದರೆ ಅದಕ್ಕೆ ಪ್ರೋಗ್ರಾಮೂ ಒಪ್ಪಬೇಕು, ಯಂತ್ರದ ಸೆಟ್ಟಿಂಗೂ ಬದಲಾಗಬೇಕು. ಅದರ ಮೇಲೆ ಭರವಸೆ ಇಡಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಒಂದಿತ್ತು. ಸರ್ವರಿನಲ್ಲಿ ‘ಗೋಷ್ಠಿ’ ಎಂಬ ಫೋಲ್ಡರ್ ಎರಡಿದ್ದವು. ಅಕ್ಷರಕ್ಕೆ ಅಕ್ಷರ ಒಂದೇ. ಒಂದರ ಹೆಸರು 18 ಬೈಟು, ಇನ್ನೊಂದರದು 24. ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಮೂರು ತುಂಡಾಗಿ ಬಿಡಿಸಿಯೂ ಬರೆಯಬಹುದು. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಹೀಗೆ ಎರಡೆರಡು ರೂಪ. ಹಳೆಯ ಮ್ಯಾಕುಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು. ಒಬ್ಬರ ಹಳೆಯ ಮ್ಯಾಕಿನಿಂದ ಬಂದ ಫೋಲ್ಡರ್ ಅದು. ಲಿನಕ್ಸ್ ಬೈಟುಗಳನ್ನು ಮಾತ್ರ ಹೋಲಿಸುವುದರಿಂದ ಎರಡೂ ಬೇರೆ ಎನ್ನುತ್ತದೆ. ಈಗಿನ ಮ್ಯಾಕಿನ ಎಪಿಎಫ್‌ಎಸ್ ಎರಡೂ ಒಂದೇ ಎನ್ನುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಇಲ್ಲ ಎಂದು ನಿಶ್ಚಿಂತರಾಗಿದ್ದ ನಮಗೆ ಡಿಕ್ಕಿ ಬೇರೆ ಬಾಗಿಲಿನಿಂದ ಬಂದಿತ್ತು.

ಒತ್ತಾಗುವುದನ್ನು ತಡೆಯಲು ಹಾಕುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಇನ್ನೊಂದು. ಕೆಲವರ ಟೈಪಿಂಗಿನಲ್ಲಿ ‘ಟೇಪ್’ ಪದದ ಕೊನೆಗೂ ಅದು ಸೇರಿಕೊಂಡಿತ್ತು, ಕೆಲವರದರಲ್ಲಿ ಇರಲಿಲ್ಲ. ನೋಡಲು ಎರಡೂ ಒಂದೇ. ಎಚ್‌ಎಫ್‌ಎಸ್ ಪ್ಲಸ್ ಹೋಲಿಕೆಯ ವೇಳೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2014ರ ಡಿಸೆಂಬರಿನಲ್ಲಿ ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ನಲ್ಲಿ ಬಯಲಾದ ಭದ್ರತಾ ಲೋಪಕ್ಕೆ ಈ ಗುಣವೂ ಒಂದು ಕಾರಣವಾಗಿತ್ತು: ಕಾಣದ ಸಂಕೇತ ಸೇರಿಸಿದ ಹೆಸರು ತಪಾಸಣೆಯನ್ನು ದಾಟಿ, ಡಿಸ್ಕಿನಲ್ಲಿ ಗಿಟ್‌ನ ಸ್ವಂತ ಫೋಲ್ಡರ್ ಆಗಿಬಿಡುತ್ತಿತ್ತು.

ಕೊನೆಗೆ ಮಾಡಿದ್ದು

ಮೂರನೆಯ ಯತ್ನಕ್ಕೆ ಮುಂಚೆ ಒಂದು ಕಟ್ಟಳೆ ಹಾಕಿಕೊಂಡೆವು. ಪರಿಶೀಲಿಸುವ ಪ್ರೋಗ್ರಾಮ್ ಯಾವ ಹೆಸರನ್ನೂ ತಿದ್ದಕೂಡದು. ಅದು ಓದಬೇಕು, ಕಾರಣ ಸಮೇತ ಪಟ್ಟಿ ಕೊಡಬೇಕು, ಅಷ್ಟೇ. ತಿದ್ದುವುದು ಬೇರೆ ಹೆಜ್ಜೆ, ಮನುಷ್ಯರು ಪಟ್ಟಿ ಓದಿದ ಮೇಲೆ. ನನ್ನ ನಾಲ್ಕು ಸಾಲಿನ ಸ್ಕ್ರಿಪ್ಟಿನ ದೊಡ್ಡ ಅಪರಾಧ ಇವೆರಡನ್ನೂ ಒಟ್ಟಿಗೆ ಮಾಡಿದ್ದು.

ಪರಿಶೀಲನೆಯಲ್ಲಿ ಹೆಜ್ಜೆಗಳ ಕ್ರಮ ಬಹಳ ಮುಖ್ಯವಾಯಿತು. ಮೊದಲು ಹೆಸರನ್ನು ಜೋಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತರುವುದು. ಹತ್ತಿರದ ಚಿಹ್ನೆಗಳನ್ನೂ ಒಂದೇ ಮಾಡಿಬಿಡುವ ಎನ್‌ಎಫ್‌ಕೆಸಿ ಬಳಸಬಾರದು, ಅದು ಅಗಲದ ಕೋಲನ್ನನ್ನು (ನೋಡಲು ಕೋಲನ್ನಿನಂತೇ ಇರುವ, ಬೇರೆಯೇ ಸಂಕೇತ) ಮಾಮೂಲಿ ಕೋಲನ್ ಮಾಡುತ್ತದೆ, ‘ಕೇರ್ ಆಫ್’ ಎಂಬ ಒಂಟಿ ಚಿಹ್ನೆಯನ್ನು ಬಿಡಿಸಿ ಮಧ್ಯೆ ಓರೆಗೆರೆಯನ್ನೇ ತಂದಿಡುತ್ತದೆ. ಶುಚಿ ಮಾಡಲು ಹೋಗಿ ನಿಷೇಧಿತ ಅಕ್ಷರವನ್ನು ನಾವೇ ಹುಟ್ಟಿಸಿದಂತೆ. ಆಮೇಲೆ ನಿಷೇಧಿತ ಚಿಹ್ನೆಗಳು, ಕೊನೆಯ ಚುಕ್ಕಿ-ಖಾಲಿ ಜಾಗ, ಕಾಯ್ದಿರಿಸಿದ ಹೆಸರುಗಳು. ಆಮೇಲೆ ಉದ್ದ, ಬೈಟಿನಲ್ಲೂ ಘಟಕದಲ್ಲೂ. ಮಿತಿಯನ್ನು 255ಕ್ಕೆ ಬದಲು 180 ಬೈಟಿಗೇ ಇಟ್ಟೆವು. ಬಿಡಿಸಿದ ರೂಪದಲ್ಲಿ ಹೆಸರು ಹಿಗ್ಗುವುದಕ್ಕೂ ಜಾಗ ಬೇಕು. ಮೊಟಕುಗೊಳಿಸುವಾಗ ಬೈಟ್ ಎಣಿಸಿ ಕತ್ತರಿಸಿದರೆ ಒಂದು ಅಕ್ಷರದ ಮಧ್ಯೆಯೇ ಕತ್ತರಿ ಬೀಳಬಹುದು, ಅಥವಾ ಒತ್ತು ಉದುರಿ ಅರ್ಧಾಕ್ಷರ ಉಳಿಯಬಹುದು; ಪೂರ್ತಿ ಅಕ್ಷರದ ಗಡಿಯಲ್ಲೇ ನಿಲ್ಲಿಸಿ, ವಿಸ್ತರಣೆಯನ್ನು ಉಳಿಸಿ, ಕೊನೆಯಲ್ಲಿ ಚುಕ್ಕಿ-ಖಾಲಿ ಜಾಗ ಉಳಿದಿದೆಯೇ ಎಂದು ಮತ್ತೊಮ್ಮೆ ನೋಡಬೇಕು.

ಎಲ್ಲಕ್ಕಿಂತ ಕೊನೆಗೆ ಡಿಕ್ಕಿಯ ಪರೀಕ್ಷೆ, ಹೊಸ ಹೆಸರುಗಳ ಪೂರ್ತಿ ಪಟ್ಟಿಯ ಮೇಲೆ. ಪ್ರತಿ ಹೆಸರಿಗೂ ಒಂದು ಹೋಲಿಕೆಯ ಕೀಲಿ: ಜೋಡಿಸಿದ ರೂಪ, ಎಲ್ಲವೂ ಚಿಕ್ಕಕ್ಷರ, ಕಾಣದ ಸಂಕೇತಗಳನ್ನು ತೆಗೆದದ್ದು. ಒಂದೇ ಫೋಲ್ಡರಿನಲ್ಲಿ ಎರಡು ಹೆಸರಿಗೆ ಒಂದೇ ಕೀಲಿ ಬಂದರೆ ಕೆಲಸ ಅಲ್ಲೇ ನಿಲ್ಲಬೇಕು. ಕೀಲಿ ಹೋಲಿಕೆಗೆ ಮಾತ್ರ; ಹೆಸರಿನೊಳಗಿನ ಝಡ್‌ಡಬ್ಲ್ಯುಎನ್‌ಜೆಯನ್ನು ಕಿತ್ತುಹಾಕಿದರೆ ‘ಸಾಫ್ಟ್‌ವೇರ್’ ಓದಲಾರದಂತೆ ಕೂಡಿಕೊಳ್ಳುತ್ತದೆ.

ಹಳೆಯ ಹೆಸರು, ಹೊಸ ಹೆಸರು, ಫೈಲಿನ ಎಸ್‌ಎಚ್‌ಎ-256 ಮೊತ್ತ (ಒಳಗಿರುವುದು ಬದಲಾದರೆ ತಾನೂ ಬದಲಾಗುವ ಬೆರಳಚ್ಚಿನಂಥದ್ದು), ಬದಲಿಸಿದ ಕಾರಣ: ಈ ನಾಲ್ಕು ಕಾಲಮಿನ ಒಂದು ಪಟ್ಟಿ ಇಟ್ಟೆವು. ಇದು ಇಲ್ಲದಿದ್ದರೆ ಮುಂದಿನ ವಾರವೇ ಸಿಕ್ಕಿಬೀಳುತ್ತಿದ್ದೆವು. ಸಂದರ್ಶನಗಳ ಲಿಖಿತ ಪ್ರತಿಗಳಲ್ಲೆಲ್ಲ ಹಳೆಯ ಫೈಲ್ ಹೆಸರುಗಳ ಉಲ್ಲೇಖವಿತ್ತು, ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಟ್ಟಿ ಇದ್ದದ್ದರಿಂದ ಒಂದೊಂದನ್ನೂ ಹೊಸ ಹೆಸರಿಗೆ ಜೋಡಿಸಲು ಸಾಧ್ಯವಾಯಿತು.

ಪ್ರಶ್ನಾರ್ಥಕ ಚಿಹ್ನೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಳೆದಾಟವಾಯಿತು. ‘ಅವರು ಬಂದರು?’ ಎಂಬ ಶೀರ್ಷಿಕೆಯಿಂದ ಚಿಹ್ನೆ ತೆಗೆದರೆ ಅರ್ಥವೇ ತಿರುಗುತ್ತದೆ ಎಂದು ಹಿರಿಯರು ಆಕ್ಷೇಪಿಸಿದರು. ನೋಡಲು ಅದೇ ಥರ ಇರುವ ಅಗಲದ ಚಿಹ್ನೆ ಹಾಕೋಣ ಎಂಬ ಸಲಹೆ ಬಂತು. ಹುಡುಕುವಾಗ ಯಾರೂ ಅದನ್ನು ಟೈಪ್ ಮಾಡುವುದಿಲ್ಲ, ಯಾವುದೋ ಪ್ರೋಗ್ರಾಮ್ ಒಂದು ದಿನ ಅದನ್ನು ಮಾಮೂಲಿ ಚಿಹ್ನೆಗೆ ತಿರುಗಿಸಿಬಿಡುತ್ತದೆ ಎಂದು ನಾನು ವಿರೋಧಿಸಿದೆ. ಫೈಲ್ ಹೆಸರಿನಲ್ಲಿ ಚಿಹ್ನೆ ಬಿಟ್ಟು, ಸೂಚಿಪಟ್ಟಿಯ ಶೀರ್ಷಿಕೆಯ ಕಾಲಮಿನಲ್ಲಿ ಇದ್ದ ಹಾಗೇ ಉಳಿಸಿಕೊಂಡೆವು.

ಆ 37 ಜೋಡಿಗಳನ್ನು ಪ್ರೋಗ್ರಾಮಿನ ಕೈಗೆ ಕೊಡಲಿಲ್ಲ. ಹಿರಿಯರು ಹೆಡ್‌ಫೋನ್ ಹಾಕಿಕೊಂಡು ಕೂತು 74 ಮುದ್ರಣಗಳನ್ನೂ ಕೇಳಿ, ಪ್ರತಿಯೊಂದರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರು. ‘ಬಲೆ’ ಬಲೆಯಾಯಿತು, ‘ಬಳೆ’ ಬಳೆಯಾಯಿತು. ನಾಲ್ಕು ಜೋಡಿಗಳಲ್ಲಿ ಅವರಿಗೂ ಬಗೆಹರಿಯಲಿಲ್ಲ. ಒಂದೇ ಹಾಡು, ಒಂದೇ ಕಂಠ, ಎರಡು ಬೇರೆ ಮುದ್ರಣ. ಅವಕ್ಕೆ 1, 2 ಎಂದು ಸಂಖ್ಯೆ ಹಾಕಿ, ಯಾವುದು ಮೊದಲಿನದು ಎಂಬ ಕಾಲಮನ್ನು ಖಾಲಿ ಬಿಟ್ಟಿದ್ದಾರೆ. ಮೂರೂ ವ್ಯವಸ್ಥೆಗಳಲ್ಲಿ ತೆರೆದು ಎಣಿಸಿ, ಮೊತ್ತಗಳನ್ನು ತಾಳೆ ನೋಡಿ 18,240 ಬಂದ ಮೇಲೆಯೇ ಸರ್ವರಿನ ಡಿಸ್ಕ್ ಅಳಿಸಲು ಅವರು ಒಪ್ಪಿಗೆ ಕೊಟ್ಟರು.